ಪೆಟ್ಟಿಗೆಯ ಕೆಳಗಿನ ನೆಲ

ಹೂವಿನಂಗಡಿ, ಹಿಂದಿನ ಕೋಣೆ
ತಾರೀಕು ಹದಿನಾಲ್ಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಕತ್ತರಿ ಮರೀ,

ಹೇಗಿದ್ದೀಯೇ ಮಗಳೇ? ಹೋದ ತಿಂಗಳು ಹಿಡಿದಿದ್ದ ಕೆಮ್ಮು ಪೂರ್ತಿ ಬಿಟ್ಟಿತೋ, ಇಲ್ಲ ನಿನ್ನಮ್ಮನ ಸಮಾಧಾನಕ್ಕೆ ಫೋನಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದೀಯೋ? ನಿನ್ನ ಕೋಣೆಯ ಕೆಳಗೇ ಇಸ್ತ್ರಿ ಅಂಗಡಿ, ಬಿಸಿ ಎಲ್ಲ ಮೇಲಕ್ಕೇ ಬರುತ್ತದೆ ಅಂದೆಯಂತೆ. ಕಿಟಕಿ ತೆಗೆದಿಟ್ಟು ಮಲಗು, ಆದರೆ ಗಾಳಿ ತಲೆಗೆ ಬಡಿಯುವ ಹಾಗೆ ಮಲಗಬೇಡ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕಂತೆ. ಕಾಲು ಊದಿಕೊಂಡರೆ ಸಂಜೆ ಬಂದು ಬಿಸಿನೀರಿನಲ್ಲಿ ಇಳಿಬಿಟ್ಟು ಕೂರು. ಹೊತ್ತು ಹೊತ್ತಿಗೆ ಊಟ ಮಾಡು. ಇಷ್ಟು ಓದುವುದರೊಳಗೆ ನೀನು ‘ಅಜ್ಜಿ ಶುರು ಹಚ್ಕೊಂಡ್ಳು’ ಅಂತ ನಗುತ್ತಿರುತ್ತೀಯ. ನಗು. ಈಗಲೇ ನಕ್ಕುಬಿಡು, ಮುಂದೆ ಈ ಕಾಗದದಲ್ಲಿ ನಗುವ ವಿಷಯ ಅಷ್ಟಾಗಿ ಇಲ್ಲ.

ನನ್ನ ಆರೋಗ್ಯ ಕೇಳುತ್ತೀಯಾದರೆ, ಮಂಡಿನೋವು ಎಂದಿನ ಹಾಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ಸಕ್ಕರೆ ಕಾಯಿಲೆ ಮಾತ್ರ ಚೆನ್ನಾಗಿ ಇಳಿದಿದೆ. ಡಾಕ್ಟರಮ್ಮ ಕನ್ನಡಕ ಮೇಲಕ್ಕೆತ್ತಿ, ‘ಏನಜ್ಜಿ ಇದು, ಹತ್ತು ತಿಂಗಳಿಂದ ಇಷ್ಟು ಚೆನ್ನಾಗಿ ಪಥ್ಯ ಮಾಡ್ತಿದೀರಲ್ಲ, ಏನು ಗುಟ್ಟು?’ ಅಂದರು. ಅವರಿಗೆ ನಾನು ಹೇಳಲಿಲ್ಲ. ನಿನಗೆ ಹೇಳುತ್ತೇನೆ, ಸ್ವಲ್ಪ ತಾಳು. ನಿನ್ನಮ್ಮ ಗಟ್ಟಿಯಾಗಿದ್ದಾಳೆ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದು, ಮಾರುಕಟ್ಟೆಯಿಂದ ಹೂವಿನ ಹೊರೆ ಇಳಿಸಿಕೊಳ್ಳುವುದು, ಮಧ್ಯೆ ಮಧ್ಯೆ ನನ್ನನ್ನು ಬೈಯುವುದು, ಎಲ್ಲ ಅವಳೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ನಾಲಗೆ ನನಗಿಂತ ಮುಂದೆ ಓಡುತ್ತದೆ, ಅದರ ಓಟವನ್ನು ನೀನು ಒಂದು ಸಲ ನೋಡಿದ್ದೀಯ. ಪೆನ್ನು ನಿಧಾನ. ಅದಕ್ಕೇ ಕಾಗದ.

ಅಂಗಡಿ ನಡೆಯುತ್ತಿದೆ. ಕೋಲ್ಡ್ ರೂಮಿನ ಮೆಷಿನ್ ಈಗಲೂ ಶುರುವಾಗುವಾಗ ನಿದ್ದೆಯಿಂದ ಎಬ್ಬಿಸಿದ ಮುದುಕನ ಹಾಗೆ ಗೊರಗೊರ ಅಂದು ಆಮೇಲೆ ದಾರಿಗೆ ಬರುತ್ತದೆ. ಅದರ ಬಾಗಿಲಿಗೆ ನೀನು ಅಂಟಿಸಿದ್ದ ಆ ಏಳು ಸಾಲಿನ ಚೀಟಿಯನ್ನು ನಾನು ಯಾವತ್ತೋ ಕಿತ್ತು ಬಿಸಾಕಿದ್ದೇನೆ ಅಂದುಕೊಂಡಿರುತ್ತೀಯ. ಇಲ್ಲ ಕಣೆ. ಅಂಟು ಬಿಟ್ಟು ಮೂಲೆ ಮೇಲೆದ್ದಿತ್ತು, ನಾನೇ ಹೊಸ ಟೇಪು ಹಾಕಿ ಅಂಟಿಸಿದೆ. ಅದರಲ್ಲಿ ನೀನು ಬರೆದಂತೆಯೇ ಈಗ ಮಾಡುತ್ತಿದ್ದೇನೆ. ದಂಟನ್ನು ನೀರಿನೊಳಗೇ ಹಿಡಿದು ಓರೆಯಾಗಿ ಕತ್ತರಿಸುತ್ತೇನೆ, ನೀರಿಗೆ ಮುಳುಗುವ ಕಡೆ ಒಂದು ಎಲೆಯನ್ನೂ ಬಿಡುವುದಿಲ್ಲ, ಬಕೆಟ್ಟುಗಳನ್ನು ನಾವು ಉಣ್ಣುವ ತಟ್ಟೆಯ ಹಾಗೆ ತೊಳೆಯುತ್ತೇನೆ. ಒಂದು ಚಮಚ ಸಕ್ಕರೆ, ಸ್ವಲ್ಪ ನಿಂಬೆರಸ, ಒಂದೇ ಒಂದು ಹನಿ ಬ್ಲೀಚು. ಸಕ್ಕರೆ ಹೂವಿನ ಹೊಟ್ಟೆಗೆ, ಬ್ಲೀಚು ನೀರು ಕೊಳೆಯದ ಹಾಗೆ ಅಂತ ನೀನು ಹೇಳಿಕೊಟ್ಟಿದ್ದನ್ನೇ ನಾನು ಗಿರಾಕಿಗಳಿಗೆ ಹೇಳುತ್ತೇನೆ, ಅದೂ ನನ್ನ ಸ್ವಂತ ಮಾತಿನ ಹಾಗೆ.

ಹೂವಿನ ಕೆಲಸದ ಮೂರು ತಿಂಗಳ ಕೋರ್ಸು ಮುಗಿಸಿ ಬಂದ ಹೊಸತರಲ್ಲಿ ನೀನು ನನ್ನ ಸುತ್ತಿಗೆ ಕಿತ್ತುಕೊಂಡಿದ್ದು ನೆನಪಿದೆಯೆ? ಗುಲಾಬಿ ದಂಟಿನ ತುದಿಯನ್ನು ಜಜ್ಜಿ, ನೀರಿಗೆ ಒಂದು ತಾಮ್ರದ ನಾಣ್ಯ ಹಾಕಿ, ತಲೆನೋವಿನ ಮಾತ್ರೆ ಒಂದನ್ನು ಪುಡಿಮಾಡಿ ಉದುರಿಸಿದರೆ ಆಯಿತು ಅನ್ನುವವಳು ನಾನು. ನೀನು ಸೊಂಟದ ಮೇಲೆ ಕೈಯಿಟ್ಟು, ‘ಅಜ್ಜೀ, ದಂಟು ಅಂದ್ರೆ ಸ್ಟ್ರಾ ಇದ್ದ ಹಾಗೆ. ಜಜ್ಜಿದ ಸ್ಟ್ರಾದಲ್ಲಿ ನೀನು ಜ್ಯೂಸ್ ಕುಡೀತೀಯಾ?’ ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ‘ನಿಮ್ಮಮ್ಮನಿಗೆ ಹಲ್ಲು ಬರೋಕೆ ಮುಂಚಿಂದ ಹೂ ಮಾರ್ತಿದೀನಿ ಕಣೆ, ನನಗೇ ಪಾಠಾನಾ?’ ಅಂದೆ. ನಾಲ್ಕು ವರ್ಷದವಳಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ, ಕೊನೆಗೆ ನನ್ನ ಜಡೆಯ ತುದಿಯನ್ನೂ, ಕತ್ತರಿಸಿ ಕತ್ತರಿ ಮರಿ ಅನ್ನಿಸಿಕೊಂಡವಳು ನನ್ನ ಮಾತನ್ನೂ ಕತ್ತರಿಸುವಷ್ಟು ದೊಡ್ಡವಳಾದಳಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಉರಿಯನ್ನು ಮಾತ್ರ ಹೇಳಿದೆ. ನನ್ನ ಹಣೆಬರಹವೇ ಅಷ್ಟು.

ಗಡಿಯಾರ ರಿಪೇರಿಯವರು ಈಗಲೂ ಪ್ರತಿ ಶನಿವಾರ ಒಂದೇ ಒಂದು ಗುಲಾಬಿ ಕೊಳ್ಳಲು ಬರುತ್ತಾರೆ. ಹೋದ ವಾರ ಬಂದು, ‘ಅಜ್ಜಿ, ಒಂಬತ್ತು ದಿನ ನಿಂತಿತ್ತು ನೋಡಿ ಹೂವು, ತಲೆ ಸಹ ಬಗ್ಗಿಸಲಿಲ್ಲ. ಏನು ಕೈಗುಣ ರೀ ನಿಮ್ಮದು!’ ಅಂದರು. ನಾನು ನಕ್ಕು, ಹೂವಿಗೆ ಕಾಗದ ಸುತ್ತಿಕೊಟ್ಟೆ. ಆ ಕೈಗುಣ ನನ್ನದಲ್ಲ, ಬಾಗಿಲ ಮೇಲಿನ ಚೀಟಿಯದು ಅನ್ನುವುದಕ್ಕೆ ಬಾಯಿ ಬರಲಿಲ್ಲ. ನೀನು ಹೋದ ಮೇಲಿನ ಈ ಹತ್ತು ತಿಂಗಳೂ ನಾನು ಹೀಗೆ ನಿನ್ನ ಹೊಗಳಿಕೆಯನ್ನು ಉಂಡುಕೊಂಡೇ ಬಂದಿದ್ದೇನೆ. ಅವರು ಅಂದ ಆ ‘ಕೈಗುಣ’ ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಚೀಟಿಯ ಕಡೆಗೇ ಕಣ್ಣು ಹೋಗುತ್ತದೆ. ಯಾಕೆ ಅಂತ ನಿನಗೇ ಗೊತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ಸೋಮವಾರ ಮಧ್ಯಾಹ್ನ ನಿನ್ನಮ್ಮ ನಿನ್ನ ಹತ್ತಿರ ಮಾತಾಡಿ ಫೋನು ಇಟ್ಟು ಬಂದು, ನನ್ನ ಪಕ್ಕದಲ್ಲಿ ಕೂತು ಹೇಳಿದಳು. ಕನ್ನಡಕದ ಅಂಗಡಿಯ ಕೌಂಟರಿನ ಮೇಲೆ ಯಾರೋ ಕೊಟ್ಟ ಗುಲಾಬಿಗಳು ಅರ್ಧ ದಿನಕ್ಕೇ ಕತ್ತು ಇಳಿಬಿಟ್ಟಿದ್ದವಂತೆ. ನೀನು ಅವನ್ನು ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ದಂಟು ಹೊಸದಾಗಿ ಕತ್ತರಿಸಿ, ಕತ್ತಿನವರೆಗೆ ನೀರು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ, ಎರಡು ಗಂಟೆಯಲ್ಲಿ ಎಬ್ಬಿಸಿ ಕೂರಿಸಿದೆಯಂತೆ. ಆಮೇಲೆ ಅವು ಎಂಟು ದಿನ ನಿಂತವಂತೆ. ಪಕ್ಕದ ದೊಡ್ಡ ಹೂವಿನಂಗಡಿಯ ಯಜಮಾನಿ ಕನ್ನಡಕ ಮಾಡಿಸಲು ಬಂದವರು ಅದನ್ನು ನೋಡಿ, ‘ಇದು ಯಾರ ಕೈಕೆಲಸ?’ ಅಂತ ವಿಚಾರಿಸಿ, ‘ನಮ್ಮಲ್ಲಿಗೆ ಬಾ, ಹೂವಿನ ಕೋಣೆ ಪೂರ್ತಿ ನೀನೇ ನೋಡ್ಕೋ’ ಅಂದರಂತೆ. ಕೇಳಿ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ನಿನ್ನಮ್ಮ ಅಂದಳು: ‘ಬೇಡ ಅಂದ್ಲಂತೆ ಅಮ್ಮಾ. ನಾನು ಹೂವಿನ ಕೆಲಸ ಮಾಡಲ್ಲ, ನನ್ನ ಕೈಗೆ ಹೂ ಬಾಳಲ್ಲ ಅಂದ್ಲಂತೆ. ಅವರು ಶನಿವಾರದವರೆಗೂ ಯೋಚನೆ ಮಾಡು ಅಂದಿದಾರಂತೆ.’

ನನ್ನ ಕೈಯಲ್ಲಿ ಒಂದು ಸೇವಂತಿಗೆ ಇತ್ತು. ಎಲೆ ಕೀಳುತ್ತಿದ್ದ ಕೈ ಅಲ್ಲೇ ನಿಂತಿತು. ‘ನನ್ನ ಕೈಗೆ ಹೂ ಬಾಳಲ್ಲ.’ ಅದು ನಿನ್ನ ಮಾತಲ್ಲ ಮಗಳೇ. ಅದು ನನ್ನ ಬಾಯಿಂದ ಬಿದ್ದ ಮಾತು, ನೀನು ಎತ್ತಿಕೊಂಡು ಅಷ್ಟು ದೂರದ ಊರಿಗೆ ಹೊತ್ತುಕೊಂಡು ಹೋಗಿದ್ದೀಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಹೋಗುವುದೆಲ್ಲಿ ಬಂತು? ಹೋಗಿ ಇನ್ನೊಬ್ಬರ ಎದೆಯಲ್ಲಿ ಕೂತುಕೊಳ್ಳುತ್ತದೆ.

ಆ ದಿನವನ್ನು ನೀನು ಮರೆತಿರಲಾರೆ, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ. ಆ ಹೋಟೆಲಿನ ಆರ್ಡರು ನೀನೇ ಹೋಗಿ, ಮ್ಯಾನೇಜರ ಹತ್ತಿರ ನೀನೇ ಮಾತಾಡಿ ತಂದದ್ದು. ಊಟದ ಹಾಲಿನ ನಲವತ್ತು ಮೇಜಿಗೆ ನಲವತ್ತು ಹೂದಾನಿ, ನಾಲ್ಕು ದಿನ ನಿಲ್ಲಬೇಕು. ‘ನಾಲ್ಕೇನು, ಆರು ದಿನ ನಿಲ್ಲಿಸ್ತೀನಿ’ ಅಂದು ಬಂದಿದ್ದೆ ನೀನು. ಮುನ್ನೂರ ಇಪ್ಪತ್ತು ಕಾರ್ನೇಷನ್ ಹೂವು, ಬಿಳಿ ಅರ್ಧ, ಕೆಂಪು ಅರ್ಧ. ಒಂದೊಂದನ್ನೂ ನೀರಿನಲ್ಲಿ ಹಿಡಿದು ಕತ್ತರಿಸಿದೆ. ಚೆನ್ನಾಗಿ ನೀರು ಕುಡಿಯಲಿ ಅಂತ ಎರಡು ದಿನ ಕೋಲ್ಡ್ ರೂಮಿನಲ್ಲಿ ಇಟ್ಟೆ, ಗಂಟೆಗೊಂದು ಸಲ ಬಾಗಿಲು ತೆಗೆದು ಇಣುಕಿದೆ. ಮಂಗಳವಾರ ಬೆಳಿಗ್ಗೆ ಕೊಟ್ಟು ಬಂದೆ. ಮಧ್ಯಾಹ್ನ ಮೂರು ಗಂಟೆಗೆ ಮ್ಯಾನೇಜರು ಮೂರು ಹೂದಾನಿಗಳನ್ನು ಎದೆಗವಚಿಕೊಂಡು ನಮ್ಮ ಅಂಗಡಿ ಮೆಟ್ಟಿಲು ಹತ್ತಿದರು. ಹೂವುಗಳೆಲ್ಲ ಎಸಳು ಒಳಕ್ಕೆಳೆದುಕೊಂಡು, ಮಲಗಿದ ಮಗುವಿನ ಮುಷ್ಟಿಯ ಹಾಗೆ ಮುದುರಿಕೊಂಡಿದ್ದವು. ‘ನಲವತ್ತೂ ಹೀಗೇ ಆಗಿವೆ’ ಅಂದರು ಅವರು. ಪಾಪ, ಕೂಗಾಡಲೂ ಇಲ್ಲ.

ಕೂಗಾಡಿದ್ದು ನಾನು. ನಾಲ್ಕು ಜನ ಗಿರಾಕಿಗಳ ಎದುರಿಗೆ, ಆ ಮ್ಯಾನೇಜರ ಎದುರಿಗೆ. ‘ನಿನ್ನ ಸಕ್ಕರೆ, ನಿನ್ನ ಬ್ಲೀಚು, ನಿನ್ನ ಕೋರ್ಸು! ಹೂವಿಗೆ ವಿಷ ಹಾಕಿ ಸಾಯಿಸಿದ್ಯಲ್ಲೇ. ಕೈಗುಣ ಅನ್ನೋದು ಓದಿದ್ರೆ ಬರಲ್ಲ, ಹುಟ್ಟಿ ಬರಬೇಕು. ನಿನ್ನ ಕೈಗೆ ಹೂ ಬಾಳಲ್ಲ, ಬಿಡು!’ ಇಷ್ಟೂ ನನ್ನ ಮಾತುಗಳೇ, ಒಂದಕ್ಷರ ಕಮ್ಮಿ ಮಾಡಿಲ್ಲ. ನೀನು ಎದುರಾಡಲಿಲ್ಲ. ನನ್ನ ಜೊತೆ ಸ್ಟ್ರಾ, ಸುತ್ತಿಗೆ ಅಂತ ಜಗಳಕ್ಕೆ ನಿಲ್ಲುತ್ತಿದ್ದ ಹುಡುಗಿ ಆವತ್ತು ಮ್ಯಾನೇಜರ ಕೈಯಿಂದ ಹೂದಾನಿ ಇಳಿಸಿಕೊಂಡೆ, ಕ್ಷಮೆ ಕೇಳಿದೆ, ಬಕೆಟ್ಟು ಬ್ರಶ್ಶು ತಗೊಂಡು ಕೋಲ್ಡ್ ರೂಮಿಗೆ ಹೋದೆ. ಏನೋ ಕೊಳೆ ಸೇರಿರಬೇಕು, ಏನೋ ಹುಳುಕು ಇರಬೇಕು ಅಂತ ಸಂಜೆಯವರೆಗೂ ಗೋಡೆ, ನೆಲ, ಹಲಗೆ ಎಲ್ಲ ಉಜ್ಜಿದೆ. ನಾನು ಮಂಡಿನೋವು ಅಂತ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದೆ. ‘ಎಲ್ಲಿ ತಪ್ಪಿದೆ ಅಜ್ಜೀ, ಎಲ್ಲಿ ತಪ್ಪಿದೆ’ ಅಂತ ನೀನು ಬೆರಳು ಮಡಿಸಿ ಮಡಿಸಿ ಎಣಿಸುತ್ತಿದ್ದೆ. ನಾಲ್ಕು ದಿನ ಕಳೆದ ಮೇಲೆ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದೆ. ನಿನ್ನ ಚೂರಿ, ನಿನ್ನ ಕತ್ತರಿ ಎಲ್ಲ ಇಲ್ಲೇ ಮೇಜಿನ ಡ್ರಾಯರಿನಲ್ಲಿ ಬಿಟ್ಟು ಹೋದೆ. ಅದನ್ನು ನೋಡಿಯೇ ನಿನ್ನಮ್ಮ ಅತ್ತದ್ದು, ನೀನು ಹೋದದ್ದಕ್ಕಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಆ ಮರದ ಪೆಟ್ಟಿಗೆಯಲ್ಲಿ ಬಾಳೆಹಣ್ಣು ಇತ್ತು.

ಹ್ಞೂಂ, ಬಾಳೆಹಣ್ಣು. ಡಾಕ್ಟರಮ್ಮ ಬೇಡ ಅಂದಿದ್ದರು, ನಿನ್ನಮ್ಮ ಅಡುಗೆಮನೆಯಲ್ಲಿ ಹಣ್ಣಿನ ಬುಟ್ಟಿಯನ್ನೇ ಎತ್ತಿಟ್ಟಿದ್ದಳು, ನೀನೋ ಬಿಸ್ಕತ್ತಿನ ಡಬ್ಬಿಗೂ ಲೆಕ್ಕ ಇಟ್ಟಿದ್ದೆ. ನನ್ನ ನಾಲಗೆಗೆ ಮಾತಿನ ಚಪಲ ಎಷ್ಟೋ ಸಿಹಿಯ ಚಪಲವೂ ಅಷ್ಟೇ. ಬಸ್‌ಸ್ಟಾಪಿನ ಹಿಂದೆ ನಿಲ್ಲುವ ತಳ್ಳುಗಾಡಿಯವನ ಹತ್ತಿರ ಚೆನ್ನಾಗಿ ಕಳಿತ, ಸಿಪ್ಪೆಯ ಮೇಲೆ ಚುಕ್ಕೆ ಬಿದ್ದ ಹಣ್ಣನ್ನೇ ಆರಿಸಿ ತರುತ್ತಿದ್ದೆ. ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತೇನೆ. ಅಂಗಡಿಯಲ್ಲಿ ಮುಂದೆ ಇಟ್ಟರೆ ನಿನ್ನ ಕಣ್ಣು ತಪ್ಪಿಸಿ ಬದುಕುವವರುಂಟೆ? ಹಾಗಾಗಿ ಕೋಲ್ಡ್ ರೂಮಿನ ಮೂಲೆಯ ಪೆಟ್ಟಿಗೆಯಲ್ಲಿ, ಹಳೆ ಪೇಪರಿನಡಿ. ಬೆಳಿಗ್ಗೆ ಹನ್ನೊಂದಕ್ಕೆ ನೀವಿಬ್ಬರೂ ಗಿರಾಕಿಗಳ ಜೊತೆ ಇರುವಾಗ ಬಾಗಿಲು ಎಳೆದುಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಹಾಗೆ, ಚಳಿಯಲ್ಲಿ ನಡುಗುತ್ತಾ ಎರಡು ಹಣ್ಣು ತಿನ್ನುತ್ತಿದ್ದೆ. ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿದರೆ ಗೊತ್ತಾಗುತ್ತದಲ್ಲ, ಅದೂ ಪೆಟ್ಟಿಗೆಗೇ. ಆ ವಾರ ನೀವಿಬ್ಬರೂ ಹೋಟೆಲಿನ ಗಡಿಬಿಡಿಯಲ್ಲಿ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ನನಗೆ ಹಬ್ಬವೋ ಹಬ್ಬ. ಒಂದು ಪೂರ್ತಿ ಚಿಪ್ಪು ತಂದಿಟ್ಟಿದ್ದೆ. ಅದರ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ನಿನ್ನ ಮುನ್ನೂರ ಇಪ್ಪತ್ತು ಹೂವು.

ನಿನ್ನ ಚೀಟಿಯ ಏಳನೇ ಸಾಲು ಏನು ಅಂತ ನಾನು ಹೇಳಬೇಕಾಗಿಲ್ಲ. ‘ಹೂವಿರುವ ಕೋಣೆಯಲ್ಲಿ ಹಣ್ಣು ಇಡಬಾರದು.’ ನೀನು ಅದನ್ನು ಅಂಟಿಸಿದ ದಿನ ನಾನು, ‘ಹಣ್ಣಿಗೂ ಹೂವಿಗೂ ಏನೇ ಜಗಳ? ಒಂದೇ ಗಿಡದ ಮಕ್ಕಳಲ್ವಾ?’ ಅಂತ ಗೇಲಿ ಮಾಡಿದ್ದೆ. ನೀನು ತಾಳ್ಮೆಯಿಂದಲೇ ಹೇಳಿದ್ದೆ: ಕಳಿಯುವ ಹಣ್ಣು ಒಂದು ಥರದ ಗಾಳಿ ಬಿಡುತ್ತದೆ, ಅದು ಕಣ್ಣಿಗೆ ಕಾಣಲ್ಲ ಮೂಗಿಗೆ ಹತ್ತಲ್ಲ, ಆದರೆ ಹೂವಿಗೆ ಅದು ತಾಕಿದರೆ ತನಗೂ ವಯಸ್ಸಾಯಿತು ಅಂದುಕೊಂಡು ಮುದುರಿಬಿಡುತ್ತದೆ, ಕಾರ್ನೇಷನ್ ಅಂತೂ ಎಲ್ಲಕ್ಕಿಂತ ಮೊದಲು ಅಂತ. ‘ಓಹೋ, ಹಣ್ಣು ಹೋಗಿ ಹೂವಿನ ಕಿವೀಲಿ ಊದುತ್ತಾ?’ ಅಂದು ಎಲ್ಲರನ್ನೂ ನಗಿಸಿದ್ದೆ ನಾನು.

ಸೋಮವಾರ ನಿನ್ನ ಸುದ್ದಿ ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೂ ಪರೀಕ್ಷೆ ಮಾಡೋಣ ಅಂತ ಹಿಂದಿನ ಕೋಣೆಯ ಎರಡು ಬೀರುಗಳಲ್ಲಿ ಎರಡು ಹೂದಾನಿ ಇಟ್ಟೆ. ಒಂದೇ ಕಟ್ಟಿನ ಆರಾರು ಕಾರ್ನೇಷನ್, ಒಂದೇ ನೀರು, ನಿನ್ನದೇ ಸಕ್ಕರೆ ನಿಂಬೆ ಬ್ಲೀಚು. ಒಂದರ ಪಕ್ಕ ಮಾತ್ರ ಮೂರು ಕಳಿತ ಬಾಳೆಹಣ್ಣು. ಇವತ್ತು ಬೆಳಿಗ್ಗೆ ಬಾಗಿಲು ತೆಗೆದೆ. ಹಣ್ಣಿಲ್ಲದ ಬೀರುವಿನಲ್ಲಿ ಹೂವು ಈಗ ತಾನೇ ತಂದ ಹಾಗಿತ್ತು. ಇನ್ನೊಂದರಲ್ಲಿ ಆರಕ್ಕೆ ಆರೂ ಮುಷ್ಟಿ ಕಟ್ಟಿಕೊಂಡಿದ್ದವು. ಆವತ್ತು ಮ್ಯಾನೇಜರು ತಂದ ಹೂವಿನ ಹಾಗೇ, ಥೇಟ್. ಹೀಗೆ ನನ್ನ ಕಣ್ಣು ತೆರೆಯಿತು. ನಿನ್ನ ನೀರಿನಲ್ಲಿ ತಪ್ಪಿರಲಿಲ್ಲ, ನಿನ್ನ ಚೂರಿಯಲ್ಲಿ ತಪ್ಪಿರಲಿಲ್ಲ, ನಿನ್ನ ಕೈಯಲ್ಲಂತೂ ಇರಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ಚಪಲ ನನ್ನದು, ಬರೆ ನಿನಗೆ.

ಎರಡೂ ಹೂದಾನಿಗಳನ್ನು ಚೀಲದಲ್ಲಿಟ್ಟುಕೊಂಡು ಸೀದಾ ಹೋಟೆಲಿಗೆ ಹೋದೆ. ಅಲ್ಲಿ ಎಲ್ಲರೂ ಓಡಾಡುವ ಜಾಗದಲ್ಲೇ, ಲಿಫ್ಟಿನ ಪಕ್ಕದ ಮೇಜಿನ ಮೇಲೆ ಇಟ್ಟು, ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಲ್ಕು ಜನರ ಎದುರು ನಿನ್ನ ಮರ್ಯಾದೆ ಕಳೆದದ್ದು, ನಾಲ್ಕು ಜನರ ಎದುರೇ ವಾಪಸು ಬರಲಿ ಅಂತ. ಅವರು ಮೊದಲು ನಕ್ಕರು. ‘ಬಾಳೆಹಣ್ಣಾ ಅಜ್ಜೀ?’ ಅಂದರು. ಬೈಯಲಿ ಅಂತ ಕಾದೆ, ಬೈಯಲಿಲ್ಲ. ಆಮೇಲೆ ಮುದುರಿದ ಹೂವೊಂದನ್ನು ಕೈಗೆತ್ತಿಕೊಂಡು, ‘ಆ ಹುಡುಗಿ ಮಾರನೇ ದಿನ ಇಲ್ಲಿಗೇ ಬಂದು ಒಬ್ಬೊಬ್ಬರ ಹತ್ರಾನೂ ಕ್ಷಮೆ ಕೇಳಿ ಹೋಗಿದ್ಲು. ಅವಳಿಗೆ ಹೇಳಿದ್ರಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಹಾಗಾದ್ರೆ ನನಗೆ ಯಾಕೆ ಹೇಳ್ತಿದೀರಿ?’ ಅಂದರು. ಹೂದಾನಿಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಬಂದವಳೇ ಚಪ್ಪಲಿಯನ್ನೂ ಬಿಡದೆ ಕಾಗದ ಬರೆಯಲು ಕೂತಿದ್ದೇನೆ.

ಈಗ ನನ್ನ ಮಾತು ಕೇಳು. ಶನಿವಾರ ಆ ಯಜಮಾನಿಯ ಅಂಗಡಿಗೆ ಹೋಗು. ‘ನಾನು ಬೇಡ ಅಂದದ್ದು ತಪ್ಪು, ಬರ್ತೀನಿ’ ಅನ್ನು. ಹಿಂಜರಿಕೆಯಾದರೆ ಈ ಕಾಗದವನ್ನೇ ಅವರಿಗೆ ತೋರಿಸು, ಅಜ್ಜಿಯ ಮಾನ ಹೋಗುತ್ತದೆ ಅಂತ ನೋಡಬೇಡ, ಅದು ಹೋಗಬೇಕಾದ ಕಡೆಗೇ ಹೋಗುತ್ತಿದೆ. ನಮ್ಮ ಅಂಗಡಿಗೆ ವಾಪಸು ಬಾ ಅಂತ ನಾನು ಕರೆಯುವುದಿಲ್ಲ. ಕರೆಯುವ ಆಸೆ ಗಂಟಲವರೆಗೆ ಬಂದಿದೆ, ಆದರೂ ಕರೆಯುವುದಿಲ್ಲ. ನಿನಗೆ ಎಲ್ಲಿ ಹೂವಿನ ನಡುವೆ ಅಳುಕಿಲ್ಲದೆ ನಿಲ್ಲಲು ಆಗುತ್ತದೋ ಅಲ್ಲಿ ನಿಲ್ಲು. ನಿನ್ನ ಚೂರಿಯನ್ನು ಸಾಣೆ ಹಿಡಿಸಿ, ಕತ್ತರಿಗೆ ಎಣ್ಣೆ ಹಾಕಿ, ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ಕೊರಿಯರಿನವನು ನಾಳೆ ಸಂಜೆಯೊಳಗೆ ಮುಟ್ಟಿಸುತ್ತೇನೆ ಅಂದಿದ್ದಾನೆ. ಬಿಚ್ಚುವಾಗ ಜೋಪಾನ, ಬೆರಳು ಕೊಯ್ದುಕೊಳ್ಳಬೇಡ.

ನಿನ್ನ ಕೈ ಮುಟ್ಟಿದ ಹೂವೆಲ್ಲ ನೂರು ಕಾಲ ಬಾಳಲಿ ಅಂತ ಹರಸಬೇಕೆಂದಿದ್ದೆ. ಹೂವು ಅಷ್ಟು ಕಾಲ ಎಲ್ಲಿ ಬಾಳೀತು, ನೀನು ಬಾಳು. ನಿನ್ನಮ್ಮ ಕೆಮ್ಮಿಗೆ ಔಷಧಿ ಮರೆಯಬೇಡ ಅಂದಿದ್ದಾಳೆ. ಗಡಿಯಾರದವರು ನಿನ್ನನ್ನು ಕೇಳಿದರು. ಈ ಮುದುಕಿಯ ತಪ್ಪನ್ನು ಹೊಟ್ಟೆಗೆ ಹಾಕಿಕೋ.

ನಿನ್ನ
ಅಜ್ಜಿ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಆಗಿತ್ತು, ಹರಿದು ತೆಗೆದಿದ್ದೇನೆ. ಕೊರಿಯರಿನವನು ಹೊರಗೆ ಕಾಯುತ್ತಿದ್ದಾನೆ, ಅಕ್ಷರ ವಕ್ರವಾದರೆ ಓದಿಕೋ. ಅಂಟಿಸುವ ಮೊದಲು ಕಾಗದವನ್ನು ನಿನ್ನಮ್ಮನಿಗೆ ಓದಲು ಕೊಟ್ಟಿದ್ದೆ. ಓದಿ, ಅತ್ತು, ನನ್ನ ಬೆನ್ನು ಸವರಿ, ‘ಹೋಗ್ಲಿ ಬಿಡಮ್ಮಾ, ಗೊತ್ತಿಲ್ದೆ ಆಗಿದ್ದಲ್ವಾ’ ಅಂದಳು. ಆ ಸಮಾಧಾನ ನನಗೆ ದಕ್ಕುವುದಿಲ್ಲ ಮಗಳೇ. ಗೊತ್ತಿಲ್ಲದೆ ಆದದ್ದು ಹೂವು ಮುದುರಿದ್ದು ಮಾತ್ರ. ಮಿಕ್ಕದ್ದು ಗೊತ್ತಿದ್ದೇ ಆಯಿತು. ಆವತ್ತು ನಿನ್ನನ್ನು ಬೈದು ಮುಗಿಸಿದ ಕೂಡಲೇ ನಿನ್ನ ಏಳನೇ ಸಾಲು ನೆನಪಾಗಿ, ನಿನಗಿಂತ ಮುಂಚೆ ನಾನು ಕೋಲ್ಡ್ ರೂಮಿಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ನೋಡಿದೊಡನೆ ತಿಳಿಯಿತು. ಅಷ್ಟರಲ್ಲಿ ನೀನು ಬಕೆಟ್ಟು ಹಿಡಿದು ಬಂದೆ, ನಾನು ಮುಚ್ಚಳ ಹಾಕಿ ಅದರ ಮೇಲೆ ಕೂತೆ. ಎಲ್ಲ ಉಜ್ಜಿಯಾದ ಮೇಲೆ ನೀನು, ‘ಏಳಜ್ಜಿ, ಅದರ ಅಡಿಗೂ ಒಂದ್ಸಲ ಉಜ್ಜಿಬಿಡ್ತೀನಿ’ ಅಂದೆ. ನಾನು, ‘ಮಂಡಿ ಹಿಡ್ಕೊಂಡಿದೆ ಕಣೆ, ಏಳೋಕಾಗಲ್ಲ’ ಅಂದೆ. ನೀನು ನಂಬಿದೆ. ನಿನ್ನ ಕಣ್ಣು ಊದಿಕೊಂಡಿತ್ತು, ಆದರೂ ನನ್ನ ಮಂಡಿಯನ್ನು ಒತ್ತಿಕೊಟ್ಟೆ. ನೀನು ಬಸ್ಸು ಹತ್ತುವವರೆಗೆ ನಾಲ್ಕು ದಿನ ಇತ್ತು, ದಿನವೂ ಹೇಳಬೇಕು ಅಂದುಕೊಂಡೆ, ಮೊಮ್ಮಗಳ ಎದುರು ಸೋಲುವುದು ನನ್ನ ಕೈಲಾಗಲಿಲ್ಲ. ಬೀರುವಿನ ಪರೀಕ್ಷೆ ನನಗೆ ಗೊತ್ತು ಮಾಡಿಕೊಳ್ಳಲು ಮಾಡಿದ್ದಲ್ಲ. ಇವತ್ತು ಗೊತ್ತಾದವಳ ಹಾಗೆ ನಿನಗೆ ಬರೆಯಲು ಮಾಡಿದ್ದು. ಹತ್ತು ತಿಂಗಳಿಂದ ನಾನು ಒಂದು ಹಣ್ಣೂ ಬಾಯಿಗಿಟ್ಟಿಲ್ಲ, ಡಾಕ್ಟರಮ್ಮ ಕೇಳಿದ ಗುಟ್ಟು ಇದೇ. ಪೆಟ್ಟಿಗೆಯನ್ನು ಆ ವಾರವೇ ಕಸದ ಗಾಡಿಗೆ ಹಾಕಿದೆ, ಆದರೆ ಅದರಡಿ ಸಿಪ್ಪೆಯ ರಸ ಇಳಿದು ನೆಲದ ಮೇಲೆ ಕಪ್ಪು ಕಲೆ ಉಳಿದಿತ್ತು, ಯಾರೂ ನೋಡದಿರಲಿ ಅಂತ ಅದರ ಮೇಲೊಂದು ಬಕೆಟ್ಟು ಇಟ್ಟಿದ್ದೆ. ಈಗ ಬಕೆಟ್ಟು ಸರಿಸಿ, ನೀನು ಬಿಟ್ಟು ಹೋದ ಬ್ರಶ್ಶಿನಿಂದಲೇ, ಮಂಡಿಯೂರಿ ಕೂತು ಆ ಜಾಗ ಉಜ್ಜಿ ಬಂದೆ. ಮಂಡಿ ಬಗ್ಗುತ್ತದೆ ಕಣೆ. ಆವತ್ತೂ ಬಗ್ಗುತ್ತಿತ್ತು.